ನೂರು ಅಂಕದಲ್ಲಿ ಹಿಡಿಯದ ನೆಮ್ಮದಿ

1948ರಲ್ಲಿ ನ್ಯೂಯಾರ್ಕಿನ ವೈದ್ಯ ಡೇವಿಡ್ ಕಾರ್ನಾಫ್ಸ್ಕಿ ಶ್ವಾಸಕೋಶದ ಕ್ಯಾನ್ಸರಿಗೆ ನೈಟ್ರೋಜನ್ ಮಸ್ಟರ್ಡ್ ಎಂಬ ಔಷಧ ಕೊಟ್ಟು ನೋಡುತ್ತಿದ್ದರು. ಗಡ್ಡೆ ಕುಗ್ಗಿದ್ದು ಎಕ್ಸ್‌ರೇಯಲ್ಲಿ ಕಾಣುತ್ತದೆ. ರೋಗಿ ಹೇಗಿದ್ದಾನೆ ಎಂಬುದನ್ನು ಬರೆದಿಡುವುದು ಹೇಗೆ? ಅದಕ್ಕೆಂದು ಅವರು ಸಂಗಡಿಗರೊಂದಿಗೆ ಅಂಕಪಟ್ಟಿ ಮಾಡಿದರು: ಯಾವ ತೊಂದರೆಯೂ ಇಲ್ಲದೆ ಎಂದಿನಂತೆ ದುಡಿಯುವವನಿಗೆ 100, ಸತ್ತವನಿಗೆ 0. ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಆದರೆ ಅದು ಅಳೆಯುವುದು ಮೈಯ ಶಕ್ತಿಯನ್ನಷ್ಟೇ.

ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಸಂತೋಷ್ ಚತುರ್ವೇದಿ ಬುಡದ ಪ್ರಶ್ನೆಯನ್ನೇ ಎತ್ತಿದರು. ಕ್ಯಾನ್ಸರ್ ಬಂದಾಗ ಬಾಳು ಸಹ್ಯವಾಗಲು ಏನಿರಬೇಕು ಎಂದು ನಮ್ಮ ಜನರನ್ನೇ ಕೇಳಿದರೆ? 1991ರಲ್ಲಿ ಪ್ರಕಟವಾದ ಉತ್ತರದಲ್ಲಿ ಮನಶ್ಶಾಂತಿ, ಅಧ್ಯಾತ್ಮದ ತೃಪ್ತಿ, ಮನೆಮಂದಿಯ ಜೊತೆಗಿನ ಸುಖ ಮೇಲಿದ್ದವು. ಓಡಾಡಿ ಕೆಲಸ ಮಾಡುವ ಶಕ್ತಿ ಅವುಗಳ ಕೆಳಗಿತ್ತು.

ಗದಗ ಸೀಮೆಯವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ‘ದೊಡ್ಡ ಬ್ಯಾನಿ’, ಅಂದರೆ ಕ್ಯಾನ್ಸರ್, ಎಂದು ತಿಳಿದ ಮನೆಯವರು ಶಿರಹಟ್ಟಿಯ ಫಕೀರೇಶ್ವರ ಮಠಕ್ಕೋ, ಮುಂಡರಗಿಯ ಅನ್ನದಾನೀಶ್ವರ ಮಠಕ್ಕೋ, ಲಕ್ಷ್ಮೇಶ್ವರದ ದೂದನಾನಾ ದರ್ಗಾಕ್ಕೋ ನಡೆದುಕೊಳ್ಳುತ್ತಾರೆ. ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸಲು ಹುಬ್ಬಳ್ಳಿ ಬಸ್ಸನ್ನೂ ಹತ್ತುತ್ತಾರೆ. ಎರಡಕ್ಕೂ ಜಗಳವಿಲ್ಲ, ಮಠದ ಅಜ್ಜಾರೇ ಆಸ್ಪತ್ರೆಗೆ ಹೋಗೆಂದರಂತೂ ಅರ್ಧ ಭಯ ಇಳಿದಂತೆ. ಸಂಕಟ ಇರುವುದು ಸಣ್ಣ ಸಂಗತಿಗಳಲ್ಲಿ. ಗಂಟಲಿಗೆ ಕರೆಂಟ್ ಕೊಡುವಾಗ ಕೊರಳಲ್ಲಿ ಲೋಹ ಇರಬಾರದು, ಇಷ್ಟಲಿಂಗವಿರುವ ಬೆಳ್ಳಿ ಕರಡಿಗೆಯನ್ನೂ ಬಿಚ್ಚಬೇಕು. ಇಷ್ಟಲಿಂಗ ಮೈಬಿಟ್ಟು ಇರಬಾರದೆಂದು ಬಾಳಿದ ಹಿರಿಯರಿಗೆ ಆ ಹತ್ತು ನಿಮಿಷ ಬಲು ದೊಡ್ಡದು. ‘ವಸ್ತ್ರದಾಗ ಸುತ್ತಿ ತೋಳಿಗೆ ಕಟ್ಟಿಕೊಳ್ರಿ ಅಜ್ಜಾ’ ಎನ್ನುವ ಟೆಕ್ನಿಷಿಯನ್ ಸಿಕ್ಕರೆ ಅದೇ ಪುಣ್ಯ. ಇಂಥ ಉಪಕಾರಕ್ಕೆ ಅಂಕ ಯಾವ ಪಟ್ಟಿಯಲ್ಲಿದೆ?

ಅಲ್ಲಿಗೆ ಕತೆ ಮುಗಿದಿದ್ದರೆ ಭಕ್ತರಿಗೆಲ್ಲ ಖುಷಿಯಾಗುತ್ತಿತ್ತು. ಅಮೆರಿಕದ ಮನೋವಿಜ್ಞಾನಿ ಕೆನೆತ್ ಪಾರ್ಗಮೆಂಟ್ ನಂಬಿಕೆ ಎಷ್ಟಿದೆ ಎಂಬುದಕ್ಕಿಂತ ಎಂಥದ್ದಿದೆ ಎಂದು ಕೆದಕಿದರು. ವಯಸ್ಸು 55 ತುಂಬಿದ 596 ಒಳರೋಗಿಗಳನ್ನು, ಬೇರೆಬೇರೆ ಕಾಯಿಲೆಯವರನ್ನು, ಎರಡು ವರ್ಷ ಗಮನಿಸಿ 2001ರಲ್ಲಿ ಬರೆದರು. ದೇವರು ಕೈಬಿಟ್ಟನೇ, ಅವನಿಗೆ ನನ್ನ ಮೇಲೆ ಪ್ರೀತಿ ಇಲ್ಲವೇ, ಇದು ಸೈತಾನನ ಕೆಲಸವೇ ಎಂದು ಒಳಗೇ ಕುದಿಯುತ್ತಿದ್ದವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು. ಹೆಚ್ಚಳ ಸಣ್ಣದೇ, ಆದರೆ ರೋಗದ ತೀವ್ರತೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅದು ಉಳಿಯಿತು.

ನಮ್ಮಲ್ಲಿ ಆ ಕುದಿತಕ್ಕೆ ಹಿಂದಿನ ಜನ್ಮದ ಪಾಪ, ಮನೆದೇವರ ಮುನಿಸು ಎಂಬ ರೂಪಗಳಿವೆ. ಆ ಮುನಿಸು ತಣಿಸಲು ಹೊತ್ತ ಹರಕೆ ತೀರಿಸುವುದರೊಳಗೇ ಬಾಯಿಯ ಹುಣ್ಣು ಕುತ್ತಿಗೆಗೆ ಇಳಿದಿರುತ್ತದೆ. ಮೂರು ವಾರದಲ್ಲಿ ಮಾಯದ ಹುಣ್ಣನ್ನು ಮೊದಲು ಡಾಕ್ಟರಿಗೆ ತೋರಿಸಬೇಕು. ಆದರೆ ಒಳಗಿನ ಕುದಿತ ಸುಲಭಕ್ಕೆ ಕಾಣದು. ‘ದೇವರನ್ನ ನಂಬ್ತೀರೇನ್ರಿ?’ ಎಂದು ವಾರ್ಡಿನಲ್ಲಿ ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ‘ಈ ಬ್ಯಾನಿ ನಿಮಗ್ಯಾಕ ಬಂತು ಅನ್ನಸ್ತೈತ್ರಿ?’ ಎಂದು ಕೇಳಿ ನೋಡಬೇಕು. ‘ಗುಟ್ಕಾ ತಿಂದೆರಿ’ ಎಂದವರಿಗೆ ಔಷಧದ ಮಾತು ಬಹುಶಃ ಸಾಕಾದೀತು. ‘ಮಾಡಿದ ಪಾಪರಿ’ ಎಂದವರ ಬಳಿ ಸ್ಟೂಲು ಎಳೆದುಕೊಂಡು ಕೂಡಬೇಕಾಗುತ್ತದೆ.