ಕಾಗಿಣಾ ಸೀಮೆಯ ತತ್ತ್ವಪದಗಳ ಮೂಲವಿಚಾರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯಲ್ಲಿ ಭಜನೆಯ ಮೇಳದವರು ಏಕತಾರಿ, ದಮ್ಮಡಿ, ತಾಳಗಳೊಡನೆ ಹಾಡುವ ಆತ್ಮವಿಚಾರದ ಹಾಡುಗಳಿಗೆ ತತ್ತ್ವಪದಗಳೆಂದು ಹೆಸರು. ಇವುಗಳ ವಸ್ತು ವೇದಾಂತ; ಹಾಡುವವರು ಬಹುಮಟ್ಟಿಗೆ ಹೊಲಗೆಲಸದವರು. ಇಂತಹ ಪದವೊಂದರ ಮೂಲವನ್ನು ಯಾವ ಆಧಾರದಿಂದ ನಿರ್ಣಯಿಸಬೇಕೆಂಬುದು ಇಲ್ಲಿಯ ವಿಚಾರ.

ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ ಸು. 850ರಲ್ಲಿ ರಚಿತವಾದ ಕವಿರಾಜಮಾರ್ಗವು ಚತ್ತಾಣವೆಂಬ ಕಾವ್ಯಭೇದವನ್ನು ಲಕ್ಷಿಸುವಾಗ ಅಕ್ಕರ, ಚೌಪದಿ, ಗೀತಿಕೆ, ತಿವದಿಗಳನ್ನು ಹೆಸರಿಸುತ್ತದೆ. ತಿವದಿಯೆಂದರೆ ತ್ರಿಪದಿ, ಬೀಸುವ ಪದಗಳ ಛಂದಸ್ಸೂ ಅದೇ. ಆದುದರಿಂದ ಹಾಡಿನ ಮಟ್ಟುಗಳಿಗೆ ಈ ನೆಲದಲ್ಲಿ ಸಾವಿರ ವರ್ಷಕ್ಕೂ ಮಿಕ್ಕ ಮನ್ನಣೆಯುಂಟು. ಆದರೆ ತತ್ತ್ವಪದವು ಚತ್ತಾಣದಿಂದ ನೇರವಾಗಿ ಇಳಿದುಬಂದಿತೆನ್ನುವುದು ಅತಿಯಾದೀತು. ಪಲ್ಲವಿ, ನುಡಿ, ಅಂಕಿತಗಳ ಕಟ್ಟು ಶಿವಶರಣರ ಸ್ವರವಚನಗಳಲ್ಲಿ ಕಾಣಬರುತ್ತದೆ. ನಿಜಗುಣ ಶಿವಯೋಗಿಯ ಕೈವಲ್ಯಪದ್ಧತಿಯಲ್ಲಿ ಅದು ಶಾಸ್ತ್ರಬೋಧೆಗೆ ಒದಗಿತು.

ಅದೇ ಕಟ್ಟನ್ನು ಈ ಜಿಲ್ಲೆಯ ಆಡುಮಾತಿಗೆ ಇಳಿಸಿದವರಲ್ಲಿ ಕಡಕೋಳ ಮಡಿವಾಳಪ್ಪನವರು ಅಗ್ರಗಣ್ಯರು. ಅವರ ಶಿಷ್ಯರಲ್ಲಿ ಖೈನೂರ ಕೃಷ್ಣಪ್ಪನೂ ಚನ್ನೂರ ಜಲಾಲಸಾಹೇಬನೂ ಇದ್ದರೆಂಬುದು ಗಮನಾರ್ಹ. ಇಲ್ಲಿ ಪದವು ಕುಲದಿಂದ ಕುಲಕ್ಕೆ ಹೋಗದೆ ಗುರುವಿನಿಂದ ಶಿಷ್ಯನಿಗೆ ಸಾಗಿದೆ.

ಮೂಲನಿರ್ಣಯಕ್ಕೆ ಸಾಮಾನ್ಯವಾಗಿ ಅಂಕಿತವನ್ನೇ ಸಾಕ್ಷಿಯಾಗಿ ಹಿಡಿಯುವರು. ಅದೊಂದೇ ಸಾಲದು. ಶಿಶುನಾಳ ಶರೀಫರ (1819–1889) ಅಂಕಿತವು ಕವಿಯ ಹೆಸರನ್ನಲ್ಲ, ಊರ ದೈವವನ್ನು ಹೇಳುತ್ತದೆ. ಗುರುವಿನ ಅಂಕಿತವನ್ನು ಶಿಷ್ಯನೂ ತಾಳಬಹುದು. ಬಾಯಿಂದ ಬಾಯಿಗೆ ಹೋಗುವಾಗ ಕಡೆಯ ನುಡಿಯೇ ಮಾರ್ಪಡಬಹುದು. ಆದಕಾರಣ ಅಂಕಿತದ ಜೊತೆಗೆ ಧಾಟಿಯನ್ನೂ ವಿಚಾರಿಸಬೇಕು. ಜೋಗುಳ, ಸೋಬಾನೆ, ಲಾವಣಿ, ಮೊಹರಮಿನ ರಿವಾಯತ ಇವುಗಳ ಧಾಟಿಗಳಲ್ಲಿ ಯಾವುದು ಪದದ ಬೆನ್ನಿಗಿದೆಯೆಂದು ತಿಳಿದರೆ, ಅದು ಮೊದಲು ಯಾರ ನಡುವೆ ಹುಟ್ಟಿತೆಂಬುದರ ಸುಳಿವು ದೊರೆಯುತ್ತದೆ.

ಧಾಟಿಯ ಇಂತಹ ಸಂಚಾರವು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕೆಯ ಕರಿಯರ ಇಗರ್ಜಿಗಳ ಭಜನೆಯಿಂದ ‘ಸೋಲ್’ ಎಂಬ, ಆತ್ಮವೆಂದೇ ಅರ್ಥವುಳ್ಳ ಹೆಸರಿನ ಗಾನಶೈಲಿ ಬೆಳೆಯಿತು. ಆ ಶೈಲಿಯ ಆದಿಯಲ್ಲಿ ಎಣಿಸಲ್ಪಡುವ ‘ಐ ಗಾಟ್ ಎ ವುಮನ್’ ಎಂಬ ಪ್ರಣಯಗೀತವನ್ನು ರೇ ಚಾರ್ಲ್ಸನು 1954ರಲ್ಲಿ ಧ್ವನಿಮುದ್ರಿಸಿದುದು ಒಂದು ಭಕ್ತಿಗೀತದ ಧಾಟಿಯ ಮೇಲೆ. ಅಲ್ಲಿ ದೇವರ ಹಾಡು ಪ್ರಣಯಕ್ಕೆ ಧಾಟಿ ಕೊಟ್ಟಿತು; ನಮ್ಮಲ್ಲಿ ತೊಟ್ಟಿಲು, ಬೀಸುಕಲ್ಲುಗಳ ಹಾಡು ಆತ್ಮವಿಚಾರಕ್ಕೆ ಕೊಟ್ಟಿತು. ಸಾಲದ ದಿಕ್ಕು ಬೇರೆ, ರೀತಿ ಒಂದೇ.

ಪದಗಳನ್ನು ಅಚ್ಚು ಮಾಡಿಸುವವರು ಮಾತನ್ನು ಮಾತ್ರ ಉಳಿಸಿ ಮಟ್ಟನ್ನು ಬಿಟ್ಟರೆ, ಈ ಸಾಕ್ಷ್ಯವೇ ಅಳಿಯುತ್ತದೆ. ಹಾಡುವ ಹಿರಿಯರೊಡನೆ ಧಾಟಿಯೂ ಹೋದ ಬಳಿಕ ಅದನ್ನು ಯಾವ ಪ್ರತಿಯೂ ಮರಳಿ ಕೊಡಲಾರದು. ಸಂಗ್ರಾಹಕರು ಪ್ರತಿಯೊಂದು ಪದಕ್ಕೂ ಹಾಡಿದ ಊರು, ಮೇಳದ ಗುರುಪರಂಪರೆ, ಧಾಟಿ ಈ ಮೂರನ್ನು ಬರೆದಿಡುವುದು ಅವಶ್ಯ. ಪಾಠ ಹೇಳುವವರು ಪದವನ್ನು ಓದಿಸುವ ಮೊದಲು ಒಮ್ಮೆ ಹಾಡಿಸಿದರೆ, ಅರ್ಥದ ಅರೆಪಾಲು ಅಲ್ಲಿಯೇ ತಿಳಿದೀತು.