ವ್ರಣವಸ್ತು ವಿಚಾರ

ಗಾಯವು ಮಾಯ್ದ ಮೇಲೂ ದೇಹವಿರುವವರೆಗೆ ಅಳಿಯದೆ ನಿಲ್ಲುವ ಕಲೆಗೆ ಸುಶ್ರುತಸಂಹಿತೆಯಲ್ಲಿ ವ್ರಣವಸ್ತುವೆಂದು ಹೆಸರು. ವ್ರಣಶಬ್ದದ ನಿರುಕ್ತಿಯನ್ನೂ ಆ ಗ್ರಂಥವು ಈ ಅಳಿಯದಿರುವಿಕೆಯಿಂದಲೇ ಸಾಧಿಸುತ್ತದೆ. ಚರ್ಮದ ಮೇಲಣ ಕಲೆಯಿಂದ ಸಾಮಾನ್ಯವಾಗಿ ಪ್ರಾಣಬಾಧೆಯಿಲ್ಲ. ಶ್ವಾಸಕೋಶದಲ್ಲಿ ಅದು ಹಬ್ಬಿದರೆ ಉಸಿರಿಗೇ ಸಂಚಕಾರ. ಅಂತಹ ಕಲೆಗೆ ಕಾರಣವಾವುದೆಂಬುದೇ ಇಲ್ಲಿಯ ಜಿಜ್ಞಾಸೆ.

ಬಳಿಚಕ್ರವು ಸೇರಿದ ಯಾದಗಿರಿ ಸೀಮೆಯು ಕಣಶಿಲೆಯ ಗುಡ್ಡಗಳ ನಾಡು. ಕಣಶಿಲೆಯಲ್ಲಿ ಬೆಣಚು, ಎಂದರೆ ಸಿಲಿಕಾ, ಹೇರಳವಾಗಿದೆ. ಅಂತಹ ಕಲ್ಲನ್ನು ಕೊರೆಯುವಾಗ ಏಳುವ ಧೂಳಿನಿಂದ ಬರುವ ರೋಗವೇ ಸಿಲಿಕೋಸಿಸ್. ಭಾರತದಲ್ಲಿ ಅದು ಮೊದಲು ವರದಿಯಾದುದು 1947ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ. ಅಲ್ಲಿಯ ಚಿನ್ನವೂ ಬೆಣಚಿನ ಪಟ್ಟೆಗಳಲ್ಲಿಯೇ ಇದ್ದಿತು.

ದೇಹವನ್ನು ಹೊಕ್ಕ ಪರವಸ್ತುವನ್ನು ನುಂಗುವ ಜೀವಕೋಶಗಳುಂಟೆಂಬುದನ್ನು ಮೆಚ್ನಿಕಾಫನು 1882ರಲ್ಲಿ, ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಿದಾಗ, ಊಹಿಸಿದನು. ಅವುಗಳಲ್ಲಿ ದೊಡ್ಡವು ಮ್ಯಾಕ್ರೊಫೇಜುಗಳು, ಮಹಾಭಕ್ಷಕಗಳೆಂದರೆ ಅನ್ವರ್ಥವಾಗುತ್ತದೆ. ರೋಗಾಣುವನ್ನು ಇವು ನುಂಗಿ ಜೀರ್ಣಿಸಿಕೊಳ್ಳುತ್ತವೆ. ಬೆಣಚಿನ ಕಣವಾದರೋ ಜೀರ್ಣವಾಗದು. ಅದು ಭಕ್ಷಕದ ಒಳಚೀಲವನ್ನು ಹರಿಯುತ್ತದೆ. ಭಕ್ಷಕವು ಉರಿಯೂತದ ಸಂಕೇತದ್ರವ್ಯಗಳನ್ನು ಹೊರಸೂಸಿ ಸಾಯುತ್ತದೆ. ಹೊರಬಿದ್ದ ಕಣವನ್ನು ಮತ್ತೊಂದು ನುಂಗುತ್ತದೆ. ಈ ಸಂಕೇತಗಳಿಂದ ಪ್ರೇರಿತವಾದ ತಂತುಕೋಶಗಳು ಕೊಲಾಜನ್ ಎಂಬ ನಾರನ್ನು ನೇಯುತ್ತಲೇ ಹೋಗುತ್ತವೆ. ಭಕ್ಷಕಗಳ ಬಲ ಕುಗ್ಗುವುದರಿಂದ ಕ್ಷಯರೋಗಕ್ಕೂ ದಾರಿಯಾಗುತ್ತದೆ.

ಹಾಗಾದರೆ ಭಕ್ಷಕಗಳೇ ಅಪರಾಧಿಗಳೇ? ಹಾಗೆನ್ನಲಾಗದು. ಇಲಿಗಳ ಯಕೃತ್ತಿನಲ್ಲಿ ನಡೆಸಿ 2005ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಗಾಯವಾಗುತ್ತಿರುವಾಗ ಈ ಕೋಶಗಳನ್ನು ಇಲ್ಲದಂತೆ ಮಾಡಿದರೆ ಕಲೆ ಕಡಮೆಯಾಯಿತು. ಮಾಯುವ ಕಾಲದಲ್ಲಿ ಹಾಗೆ ಮಾಡಿದರೆ ಕಲೆ ಕರಗಲು ಅಡ್ಡಿಯಾಯಿತು. ಕಟ್ಟಿಸುವವೂ ಇವೇ, ಕರಗಿಸುವವೂ ಇವೇ. ಕಾರಣವು ತೊಲಗಿದರೆ ಯಕೃತ್ತಿನ ಕಲೆ ಎಷ್ಟೋ ಮಟ್ಟಿಗೆ ಕರಗಬಲ್ಲುದು. ಆದುದರಿಂದ ವ್ರಣವಸ್ತುವು ಎಂದಿಗೂ ಅಳಿಯದೆಂಬ ಮಾತು ಎಲ್ಲ ಅಂಗಗಳಿಗೂ ಸಮನಾಗಿ ಅನ್ವಯಿಸದು.

ಸಿಲಿಕೋಸಿಸಿನಲ್ಲಿ ಕಾರಣವು ತೊಲಗುವುದಿಲ್ಲ. ಧೂಳು ಒಳಗೇ ನಿಲ್ಲುತ್ತದೆ. ಕೆಲಸ ಬಿಟ್ಟ ಮೇಲೂ ರೋಗವು ಬೆಳೆಯಬಹುದಾದುದು ಇದರಿಂದಲೇ. ಆ ನಾರನ್ನು ಕರಗಿಸಿ ರೋಗವನ್ನು ಗುಣಪಡಿಸುವ ಔಷಧವು ಇನ್ನೂ ದೊರೆತಿಲ್ಲ. ಹೀಗಿರುವಲ್ಲಿ ಚಿಕಿತ್ಸೆಗಿಂತ ನಿದಾನಪರಿವರ್ಜನವೇ, ಎಂದರೆ ಕಾರಣವನ್ನು ದೂರವಿಡುವುದೇ, ಮುಖ್ಯವಾಗುತ್ತದೆ. ಕೊರೆಯುವ ಕಲ್ಲಿಗೆ ನೀರು ಹಾಯಿಸಿ, ಧೂಳನ್ನು ಏಳುವೆಡೆಯಲ್ಲಿಯೇ ಅಡಗಿಸಿದರೆ ಕಲ್ಲುಕುಟಿಗನ ಉಸಿರು ಉಳಿಯುತ್ತದೆ.