ವಿದ್ಯುತ್ ಚಾಲಿತ ಮಾದರಿ ವಿಮಾನ: ಶಕ್ತಿ ಕುಂದಿದಾಗ ಪರಿಶೀಲನೆ ಹೇಗೆ?

ರಾಷ್ಟ್ರೀಯ ಕೆಡೆಟ್ ದಳದ ವಾಯು ವಿಭಾಗದಲ್ಲಿ ಮಾದರಿ ವಿಮಾನಗಳ ರಚನೆ ಹಾಗೂ ಹಾರಾಟವು ತರಬೇತಿಯ ಒಂದು ಅಂಗವಾಗಿದೆ. ವಿದ್ಯಾರ್ಥಿಗಳೂ ಹವ್ಯಾಸಿಗಳೂ ಇಂದು ಬ್ಯಾಟರಿಯಿಂದ ನಡೆಯುವ ರೇಡಿಯೋ ನಿಯಂತ್ರಿತ ಚಿಕ್ಕ ವಿಮಾನಗಳನ್ನು ವಿಶೇಷವಾಗಿ ಬಳಸುತ್ತಾರೆ. ಇವುಗಳಲ್ಲಿ ಆಗಾಗ ತಲೆದೋರುವ ತೊಂದರೆಯೆಂದರೆ ಹಾರಾಟದ ನಡುವೆ ಶಕ್ತಿ ಕುಂದುವುದು. ನೆಲದ ಮೇಲೆ ಭರದಿಂದ ತಿರುಗಿದ ಮೋಟಾರು, ಮೇಲೇರಿದ ಒಂದೆರಡು ನಿಮಿಷಗಳಲ್ಲಿಯೇ ಸೊರಗುತ್ತದೆ. ಇಲ್ಲವೇ ಹಠಾತ್ತನೆ ನಿಂತುಬಿಡುತ್ತದೆ. ಮೈದಾನದಲ್ಲಿ ಜನರಿರುವಾಗ ಇದರಿಂದ ಅಪಾಯವೂ ಸಂಭವಿಸಬಹುದು. ಮೋಟಾರೇ ಕೆಟ್ಟಿತೆಂದು ಭಾವಿಸಿ ಹೊಸದನ್ನು ಕೊಳ್ಳುವ ಮೊದಲು ಕ್ರಮಬದ್ಧವಾಗಿ ಪರಿಶೀಲಿಸುವುದು ಲೇಸು.

ಶಕ್ತಿ ಹರಿಯುವ ಮಾರ್ಗ

ಬ್ಯಾಟರಿಯಿಂದ ಹೊರಟ ವಿದ್ಯುತ್ತು ಇ.ಎಸ್.ಸಿ. ಎಂದು ಕರೆಯಲಾಗುವ ವೇಗನಿಯಂತ್ರಕದ ಮೂಲಕ ಮೋಟಾರನ್ನು ತಲುಪುತ್ತದೆ. ಮೋಟಾರು ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಚಿಕ್ಕ ವಿಮಾನಗಳಲ್ಲಿ ಈ ನಿಯಂತ್ರಕವೇ ಸುಮಾರು 5 ವೋಲ್ಟ್ ವಿದ್ಯುತ್ತನ್ನು ರಿಸೀವರಿಗೂ, ರೆಕ್ಕೆ ಬಾಲಗಳ ಹಲಗೆಗಳನ್ನು ಚಲಿಸುವ ಸರ್ವೋಗಳಿಗೂ ಒದಗಿಸುವುದು ವಾಡಿಕೆ. ಬ್ಯಾಟರಿಯ ವೋಲ್ಟೇಜು ನಿಗದಿತ ಮಟ್ಟಕ್ಕಿಂತ ಇಳಿದರೆ ನಿಯಂತ್ರಕವು ಮೋಟಾರಿನ ಶಕ್ತಿಯನ್ನು ತಗ್ಗಿಸುತ್ತದೆ ಅಥವಾ ಕಡಿದುಹಾಕುತ್ತದೆ. ಉಳಿದ ವಿದ್ಯುತ್ತನ್ನು ಚಾಲನಾ ನಿಯಂತ್ರಣಕ್ಕಾಗಿ ಕಾಯ್ದಿರಿಸುತ್ತದೆ. ಆದುದರಿಂದ ಮೋಟಾರು ನಿಂತರೂ ಸರ್ವೋಗಳು ಆಜ್ಞೆಯನ್ನು ಪಾಲಿಸುತ್ತಿದ್ದರೆ, ಮೊದಲು ಶಂಕಿಸಬೇಕಾದುದು ಬ್ಯಾಟರಿಯನ್ನು. ಸರ್ವೋಗಳೂ ನಿಶ್ಚಲವಾದರೆ ರಿಸೀವರಿಗೆ ಹೋಗುವ ವಿದ್ಯುತ್ತು ಅಥವಾ ರೇಡಿಯೋ ಸಂಪರ್ಕದಲ್ಲಿ ದೋಷವಿರುವ ಸಂಭವ ಹೆಚ್ಚು.

ಬ್ಯಾಟರಿಯ ಪರೀಕ್ಷೆ

ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಕೋಶವು ಪೂರ್ಣವಾಗಿ ತುಂಬಿದಾಗ 4.2 ವೋಲ್ಟ್ ತೋರಿಸುತ್ತದೆ. ಮೂರು ಕೋಶಗಳ ಬ್ಯಾಟರಿಯಲ್ಲಿ ಇದು 12.6 ವೋಲ್ಟ್ ಆಗುತ್ತದೆ. ಆದರೆ ಸುಮ್ಮನಿರುವ ಬ್ಯಾಟರಿಯನ್ನು ಅಳೆದರೆ ನಿಜಸ್ಥಿತಿ ತಿಳಿಯುವುದಿಲ್ಲ. ಬ್ಯಾಟರಿ ಹಳತಾದಂತೆ ಅದರ ಆಂತರಿಕ ರೋಧವು ಹೆಚ್ಚುತ್ತದೆ. ಹೊರೆ ಬಿದ್ದೊಡನೆ ವೋಲ್ಟೇಜು ಕುಸಿಯುತ್ತದೆ. ದೆಹಲಿಯ ಜನವರಿ ಮುಂಜಾವಿನಂತಹ ಚಳಿಯಲ್ಲಿ ಈ ರೋಧವು ಇನ್ನಷ್ಟು ಹೆಚ್ಚುವುದರಿಂದ, ಒಳ್ಳೆಯ ಬ್ಯಾಟರಿಯೂ ದುರ್ಬಲವಾಗಿ ತೋರಬಹುದು.

ಬ್ಯಾಟರಿ ಹಾಗೂ ನಿಯಂತ್ರಕದ ನಡುವೆ ವ್ಯಾಟ್ ಮಾಪಕವನ್ನು ಜೋಡಿಸಿ, ವಿಮಾನವನ್ನು ಭದ್ರವಾಗಿ ಕಟ್ಟಿ, ಪ್ರೊಪೆಲ್ಲರಿನ ಹಿಂದೆ ನಿಂತು ಕೆಲವು ಸೆಕೆಂಡುಗಳ ಕಾಲ ಮೋಟಾರನ್ನು ಪೂರ್ಣವೇಗದಲ್ಲಿ ಓಡಿಸಬೇಕು. ಉದಾಹರಣೆಗೆ, ಮಾಪಕವು 10.5 ವೋಲ್ಟ್ ಮತ್ತು 12 ಆಂಪಿಯರ್ ತೋರಿಸಿದರೆ ಶಕ್ತಿ 126 ವ್ಯಾಟ್. ಸುಮಾರು 700 ಗ್ರಾಂ ತೂಕದ ತರಬೇತಿ ವಿಮಾನಕ್ಕೆ ಇದು ಸಾಕು. ಪೂರ್ಣ ತುಂಬಿದ ಬ್ಯಾಟರಿಯೂ ಇದೇ ಹೊರೆಗೆ 9 ವೋಲ್ಟಿನ ಹತ್ತಿರಕ್ಕೆ ಇಳಿದರೆ, ಅದನ್ನು ಬದಲಿಸುವ ಕಾಲ ಬಂದಿದೆಯೆಂದು ತಿಳಿಯಬೇಕು. ಕೋಶಗಳನ್ನು ಒಂದೊಂದಾಗಿ ಅಳೆಯುವುದೂ ಅವಶ್ಯ. ಒಂದು ಕೋಶ ಕುಂದಿದರೂ ಇಡೀ ಬ್ಯಾಟರಿ ಸೋಲುತ್ತದೆ.

ಇತರ ಕಾರಣಗಳು

ಬ್ಯಾಟರಿ ಸರಿಯಾಗಿದ್ದರೆ ಮುಂದಿನ ಅಂಶಗಳನ್ನು ಪರಿಶೀಲಿಸಬೇಕು:

1. ಕನೆಕ್ಟರ್ ಸಡಿಲವಾಗಿದ್ದರೆ ಅಥವಾ ಬೆಸುಗೆ ಸರಿಯಾಗಿ ಹಿಡಿಯದಿದ್ದರೆ ಆ ಭಾಗ ಬಿಸಿಯಾಗುತ್ತದೆ. ಓಡಿಸಿದ ನಂತರ ಬ್ಯಾಟರಿಯನ್ನು ಕಳಚಿ, ಜೋಡಣೆಗಳನ್ನು ಎಚ್ಚರದಿಂದ ಮುಟ್ಟಿ ನೋಡಿದರೆ ದೋಷವು ಗೊತ್ತಾಗುತ್ತದೆ.

2. ಪ್ರೊಪೆಲ್ಲರ್ ಹಿಂದುಮುಂದಾಗಿದ್ದರೆ ನೂಕುಬಲ ಬಹಳ ತಗ್ಗುತ್ತದೆ. ಅಳತೆಯನ್ನು ಅಚ್ಚೊತ್ತಿದ ಬದಿಯು ಸಾಮಾನ್ಯವಾಗಿ ವಿಮಾನ ಸಾಗುವ ದಿಕ್ಕಿಗಿರಬೇಕು. ಅದನ್ನು ಹಿಡಿದಿಡುವ ಬಿಲ್ಲೆ ಸಡಿಲವಾದರೆ ಮೋಟಾರು ತಿರುಗಿದರೂ ಪ್ರೊಪೆಲ್ಲರ್ ಜಾರುತ್ತದೆ.

3. ಮುರಿದ ಪ್ರೊಪೆಲ್ಲರಿನ ಬದಲಿಗೆ ಹೆಚ್ಚು ವ್ಯಾಸದ್ದನ್ನು ಹಾಕಿದರೆ ವಿದ್ಯುತ್ ಪ್ರವಾಹವು ಮಿತಿಮೀರಿ, ಮೋಟಾರೂ ನಿಯಂತ್ರಕವೂ ಕಾಯುತ್ತವೆ. ಅತಿಯಾಗಿ ಕಾದ ನಿಯಂತ್ರಕವು ತಾನಾಗಿಯೇ ಶಕ್ತಿಯನ್ನು ತಗ್ಗಿಸುತ್ತದೆ. ಹೆಚ್ಚು ಕಾದ ಮೋಟಾರಿನ ಅಯಸ್ಕಾಂತಗಳು ಶಾಶ್ವತವಾಗಿ ದುರ್ಬಲವಾಗಬಹುದು.

4. ಟ್ರಾನ್ಸ್‌ಮಿಟರಿನ ವೇಗದ ಕಡ್ಡಿಯ ಗರಿಷ್ಠ ಮಿತಿಯನ್ನು ನಿಯಂತ್ರಕಕ್ಕೆ ಸರಿಯಾಗಿ ಹೊಂದಿಸದಿದ್ದರೆ ಮೋಟಾರು ಪೂರ್ಣವೇಗವನ್ನು ಎಂದಿಗೂ ತಲುಪುವುದಿಲ್ಲ. ಈ ಹೊಂದಾಣಿಕೆಯನ್ನು ಪ್ರೊಪೆಲ್ಲರ್ ತೆಗೆದೇ ಮಾಡತಕ್ಕದ್ದು.

ಆಕಾಶದಲ್ಲಿ ಶಕ್ತಿ ನಿಂತಾಗ

ಹಾರಾಟದಲ್ಲಿಯೇ ಮೋಟಾರು ನಿಂತರೆ ಮೂಗನ್ನು ಸ್ವಲ್ಪ ಕೆಳಗಿಳಿಸಿ ವೇಗವನ್ನು ಕಾಪಾಡಿಕೊಳ್ಳಬೇಕು. ಎತ್ತರವನ್ನು ಉಳಿಸಿಕೊಳ್ಳಲೆಂದು ಮೂಗನ್ನು ಎತ್ತಿದರೆ ರೆಕ್ಕೆಗಳು ಎತ್ತುಬಲ ಕಳೆದುಕೊಂಡು ವಿಮಾನ ಕುಸಿಯುತ್ತದೆ. ತಗ್ಗಿನಲ್ಲಿ ತೀಕ್ಷ್ಣವಾಗಿ ತಿರುಗಿಸದೆ, ಜನರಿಲ್ಲದ ಎಡೆಯಲ್ಲಿ ಇಳಿಸುವುದು ಕ್ಷೇಮ. ವೇಗದ ಕಡ್ಡಿಯನ್ನು ಪೂರ್ಣ ಇಳಿಸಿ ಮತ್ತೆ ನಿಧಾನವಾಗಿ ಏರಿಸಿದರೆ ಅನೇಕ ನಿಯಂತ್ರಕಗಳು ಅಲ್ಪಕಾಲ ಶಕ್ತಿ ನೀಡುತ್ತವೆ. ಇದನ್ನು ಇಳಿಯುವುದಕ್ಕೆ ಮಾತ್ರ ಉಪಯೋಗಿಸಬೇಕು.

ಬಿದ್ದ ವಿಮಾನದ ಬ್ಯಾಟರಿಯನ್ನು ಕೂಡಲೇ ಹೊರತೆಗೆದು, ಸುಡುವ ವಸ್ತುಗಳಿಂದ ದೂರವಿರಿಸಿ ಗಮನಿಸಬೇಕು. ಉಬ್ಬಿದ ಅಥವಾ ಜಜ್ಜಿದ ಬ್ಯಾಟರಿ ಹೊತ್ತಿಕೊಳ್ಳುವ ಸಂಭವವಿರುವುದರಿಂದ ಅದನ್ನು ಮತ್ತೆ ಚಾರ್ಜ್ ಮಾಡಬಾರದು. ಒಳ್ಳೆಯ ಬ್ಯಾಟರಿಯನ್ನೂ ಪೂರ್ಣ ತುಂಬಿಸಿಡದೆ, ಕೋಶವೊಂದಕ್ಕೆ ಸುಮಾರು 3.8 ವೋಲ್ಟಿನಲ್ಲಿ ಇಟ್ಟರೆ ಬಾಳಿಕೆ ಹೆಚ್ಚುತ್ತದೆ.

ಪ್ರತಿ ಪರೀಕ್ಷೆಯ ದಿನಾಂಕ, ವೋಲ್ಟೇಜು ಮತ್ತು ಪ್ರವಾಹವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಉತ್ತಮ ಅಭ್ಯಾಸ. ವಿಮಾನ ಹೊಸದಾಗಿದ್ದಾಗಿನ ಅಂಕಿಗಳು ಕೈಯಲ್ಲಿದ್ದರೆ, ಕುಂದಿದ ಶಕ್ತಿಯ ಸುಳಿವು ಹಾರಾಟಕ್ಕೆ ಮೊದಲೇ ನೆಲದ ಮೇಲೆಯೇ ದೊರೆಯುತ್ತದೆ.